ತಟ್ಟೆಯೂ ಪಟ್ಟಿಯೂ

ಪಟ್ಟಿ ಮಾಡುವುದು ಸರಕಾರಿ ಗುಮಾಸ್ತನಿಗೆ ಅಂಟಿಕೊಂಡ ಗುಣ. ಕಚೇರಿಗೆ ಹತ್ತು ಪೆನ್ಸಿಲು ಬೇಕಾದರೂ ಮೊದಲು ಬೇಡಿಕೆಯ ಪಟ್ಟಿ, ಅದರ ಮೇಲೊಂದು ಟಿಪ್ಪಣಿ, ಟಿಪ್ಪಣಿಯ ಅಂಚಿನಲ್ಲಿ ಮೇಲಧಿಕಾರಿಗಳ 'ದಯವಿಟ್ಟು ಚರ್ಚಿಸಿ'. ಇಷ್ಟೆಲ್ಲ ಆದ ಮೇಲೆಯೇ ಪೆನ್ಸಿಲಿನ ಮಾತು. ಕೇಂದ್ರ ಸರಕಾರದ ಇಲಾಖೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಇದನ್ನೇ ಮಾಡುತ್ತ ಬಂದ ನಾವು, ಮನೆಯಲ್ಲಿ ಒಂದು ಪ್ರಿ-ಆಂಪ್ಲಿಫೈಯರ್ ಕಟ್ಟಬೇಕೆಂದಾಗಲೂ ಮೊದಲು ಕೈಗೆತ್ತಿಕೊಂಡದ್ದು ಸೋಲ್ಡರಿಂಗ್ ಐರನ್ ಅಲ್ಲ, ಗೆರೆ ಹಾಕಿದ ನೋಟ್‌ಬುಕ್ಕು. ನಮ್ಮ ಮನೆಯವರು ನಕ್ಕರು. ಆದರೆ ಇಂಥ ಕೆಲಸ ಮುಕ್ಕಾಲು ಪಾಲು ಕಾಗದದ ಮೇಲೆಯೇ ಮುಗಿಯಬೇಕು. ಹೊಗೆ, ಬೆಸುಗೆ, ಸುಟ್ಟ ಬೆರಳು ಇವೆಲ್ಲ ಉಳಿದ ಕಾಲು ಪಾಲಿಗೆ ಸೇರಿದವು. ಆ ಮುಕ್ಕಾಲು ಪಾಲಿನ ವಿಚಾರವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಇಂಥದೊಂದು ಪ್ರಸಂಗ ಬಂದದ್ದೇಕೆಂದು ಹೇಳಬೇಕಲ್ಲ. ಡೊಂಬಿವಲಿಯಲ್ಲಿ ನಾವಿರುವ ಕಟ್ಟಡಕ್ಕೆ ವಯಸ್ಸಾಯಿತು. ಅದು ರೀಡೆವಲಪ್‌ಮೆಂಟಿಗೆ ಹೋಗುವುದೆಂದು ಸೊಸೈಟಿಯ ಪತ್ರ ಬಂತು. ಮುಂಬಯಿ ಓದುಗರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ವರ್ಷ ಬಾಡಿಗೆ ಮನೆ, ಬಾಡಿಗೆ ಮನೆಗೆ ಹಿಡಿಸುವಷ್ಟೇ ಸಾಮಾನು. ಆದ್ದರಿಂದ ಯಾವುದನ್ನು ಒಯ್ಯಬೇಕು, ಯಾವುದನ್ನು ಭಂಗಾರದವನಿಗೆ ಹಾಕಬೇಕು ಎಂಬ ವಿಂಗಡಣೆ ಶುರುವಾಯಿತು. ಮಾಳಿಗೆಯ ಮೇಲಿನ ಒಂದು ಟ್ರಂಕು ಇಳಿಸಿದಾಗ ಅದರಲ್ಲಿ ನಮ್ಮ ತಂದೆಯವರ ಗ್ರಾಮಫೋನ್ ತಟ್ಟೆಗಳಿದ್ದವು. ಅವು ಮನೆಯಲ್ಲಿವೆ ಎಂಬುದು ನಮಗೆ ಚಿಕ್ಕಂದಿನಿಂದ ಗೊತ್ತು. ಅವು ಹಾಡಿದ್ದನ್ನು ಮಾತ್ರ ನಾವು ಒಮ್ಮೆಯೂ ಕೇಳಿರಲಿಲ್ಲ. ಏಕೆಂದು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ತಂದೆಯವರಿಗೆ ಈಗ ಎಂಬತ್ತು. ಟ್ರಂಕಿನ ಕಡೆ ಒಮ್ಮೆ ನೋಡಿ, "ಇನ್ನ ಅವನ್ನ ಯಾರ ಕೇಳತಾರಪಾ? ಭಂಗಾರದಾಂವಗ ಕೊಟ್ಟಬಿಡು" ಎಂದು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡರು. ತಾಯಿಯವರು ಏನೂ ಅನ್ನಲಿಲ್ಲ. ಟ್ರಂಕಿನ ಧೂಳನ್ನು ಸೆರಗಿನಿಂದ ಒರೆಸಿದರು. ಆ ಒರೆಸುವಿಕೆಯನ್ನು ನೋಡಿ ನಾವು ಟ್ರಂಕನ್ನು 'ಒಯ್ಯತಕ್ಕದ್ದು' ಎಂಬ ಪಟ್ಟಿಗೆ ತಾತ್ಪೂರ್ತಿಕವಾಗಿ ಸೇರಿಸಿದೆವು. ಒಯ್ಯಬೇಕಾದರೆ ಕೇಳಬೇಕು, ಕೇಳದ ತಟ್ಟೆ ಬರೇ ಭಾರ.

ಕಚೇರಿಯಲ್ಲಿ ನಿವೃತ್ತರಾಗಿ ಊರಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಟರ್ನ್‌ಟೇಬಲನ್ನು ನಮಗೆ ಕೊಟ್ಟರು. ಮನೆಯಲ್ಲಿ ಟಿ.ವಿ.ಗೆ ಜೋಡಿಸಿದ ಒಂದು ಆಂಪ್ಲಿಫೈಯರೂ ಎರಡು ಸ್ಪೀಕರುಗಳೂ ಇದ್ದವು. ಹಾಗಿದ್ದರೆ ಎರಡನ್ನೂ ತಂತಿಯಿಂದ ಜೋಡಿಸಿದರಾಯಿತಲ್ಲ ಎಂದು ಓದುಗರು ಕೇಳಬಹುದು. ಆಗುವುದಿಲ್ಲ. ಅಲ್ಲಿಯೇ ಪ್ರಿ-ಆಂಪ್ಲಿಫೈಯರ್ ಎಂಬ ನಡುವಿನ ಆಸಾಮಿಯ ಅಗತ್ಯ ಬೀಳುತ್ತದೆ.

ಟರ್ನ್‌ಟೇಬಲಿನ ಮುಳ್ಳಿನ ಹಿಂದೆ ಒಂದು ಪುಟ್ಟ ಅಯಸ್ಕಾಂತ, ಅದರ ಪಕ್ಕದಲ್ಲಿ ತಂತಿಯ ಸುರುಳಿ. ಮುಳ್ಳು ಗೀರಿನಲ್ಲಿ ಅಲುಗಿದಾಗ ಅಯಸ್ಕಾಂತ ಅಲುಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ ಕಂಡುಕೊಂಡ ತತ್ತ್ವ; ಬಿ.ಎಸ್ಸಿ.ಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು. ಆದರೆ ಹುಟ್ಟುವ ವಿದ್ಯುತ್ತು ಎಷ್ಟು? ಸುಮಾರು 5 ಮಿಲಿವೋಲ್ಟ್. ದೊಡ್ಡ ಆಂಪ್ಲಿಫೈಯರ್ ಬಾಯಿ ತೆರೆಯಬೇಕಾದರೆ ಕೆಲವು ನೂರು ಮಿಲಿವೋಲ್ಟ್ ಆದರೂ ಬೇಕು. ಎಂದರೆ ನಡುವಿನವನು ಧ್ವನಿಯನ್ನು ಸುಮಾರು ನೂರು ಪಟ್ಟು ಎತ್ತಿಕೊಡಬೇಕು.

ಅಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ತಟ್ಟೆ ಕೊರೆಯುವವರು ಒಂದು ಉಪಾಯ ಮಾಡಿರುತ್ತಾರೆ. ತಬಲಾದ ಬಾಯಾದಂಥ ಮಂದ್ರ ನಾದ ಮುಳ್ಳನ್ನು ಅಗಲವಾಗಿ ತೂಗಿಸುತ್ತದೆ. ಅದನ್ನು ಇದ್ದಂತೆಯೇ ಕೊರೆದರೆ ಒಂದು ಗೀರು ಪಕ್ಕದ ಗೀರಿಗೆ ಹಾಯುತ್ತದೆ. ಆದ್ದರಿಂದ ಮಂದ್ರವನ್ನು ಕುಗ್ಗಿಸಿ ಕೊರೆಯುತ್ತಾರೆ. ತಾರ ನಾದವನ್ನು ಹಿಗ್ಗಿಸಿ ಕೊರೆಯುತ್ತಾರೆ, ತಟ್ಟೆಯ ಸರಸರ ಸದ್ದಿನಲ್ಲಿ ಅದು ಮುಳುಗಬಾರದೆಂದು. ಹೀಗಾಗಿ ನುಡಿಸುವಾಗ ಪ್ರಿ-ಆಂಪ್ಲಿಫೈಯರ್ ಇದನ್ನು ತಿರುವುಮುರುವು ಮಾಡಬೇಕು: 20 ಹರ್ಟ್ಜ್‌ನ ಬಳಿ ಮಧ್ಯಮ ನಾದಕ್ಕಿಂತ ಒಂಬತ್ತು ಪಟ್ಟು ಹೆಚ್ಚು ಎತ್ತಬೇಕು, 20,000 ಹರ್ಟ್ಜ್‌ನ ಬಳಿ ಅಷ್ಟೇ ಪಟ್ಟು ಇಳಿಸಬೇಕು. ಈ ಏರಿಳಿತಕ್ಕೆ ಅಮೆರಿಕದ ಧ್ವನಿಮುದ್ರಣ ಸಂಸ್ಥೆಗಳ ಒಕ್ಕೂಟ 1954ರಲ್ಲಿ ಗೊತ್ತುಪಡಿಸಿದ ಅಳತೆಯನ್ನು ಆರ್.ಐ.ಎ.ಎ. ಎನ್ನುತ್ತಾರೆ. ಅದರಲ್ಲಿ ಮೂರು ಸಂಖ್ಯೆಗಳಿವೆ: 3180, 318 ಮತ್ತು 75 ಮೈಕ್ರೋಸೆಕೆಂಡ್. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶ್ರೀಕಾರದ ಕೆಳಗೆ ಬರೆದದ್ದು ಈ ಮೂರನ್ನೇ.

ಇಲ್ಲೊಂದು ಪ್ರಶ್ನೆ ಎದ್ದಿತು. ಈ ಅಳತೆ ಸಲ್ಲುವುದು ಆನಂತರದ ಎಲ್.ಪಿ., ಇ.ಪಿ. ತಟ್ಟೆಗಳಿಗೆ. ಅದಕ್ಕೂ ಹಿಂದಿನ 78ರ ಅರಗಿನ ತಟ್ಟೆಗಳಲ್ಲಿ ಕೊರೆಯುವ ಕ್ರಮ ಬೇರೆ, ಅವಕ್ಕೆ ಬೇಕಾದ ಮುಳ್ಳು ದಪ್ಪ. ಹಾಗಾದರೆ ಟ್ರಂಕಿನಲ್ಲಿರುವುದು ಯಾವ ತಟ್ಟೆ, ಎಷ್ಟು? ಬಿಡಿಭಾಗಗಳ ಪಟ್ಟಿಗಿಂತ ಮುಂಚೆ ತಟ್ಟೆಗಳ ಪಟ್ಟಿ ಆಗಬೇಕಾಯಿತು. ಆ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ನಮ್ಮ ಮಗಳಿಗೆ ಒಪ್ಪಿಸಿದೆವು.

ಅರ್ಧ ಗಂಟೆಯಲ್ಲಿ ಅವಳು ತಿರುಗಿ ಬಂದಳು. "ಪಪ್ಪಾ, ಎಲ್ಲಾ ಕವರಿನ ಹಿಂದ ಪೆನ್ಸಿಲ್‌ನ್ಯಾಗ ಏನೋ ಬರದದ. ನನಗ ಓದಾಕ ಬರವಲ್ದು." ಅವಳಿಗೆ ಕನ್ನಡ ಅಚ್ಚಿನ ಅಕ್ಷರ ಬರುತ್ತದೆ, ಭಾನುವಾರದ ಕನ್ನಡ ವರ್ಗದಲ್ಲಿ ಕಲಿತದ್ದು. ಅಜ್ಜನ ಕೂಡಕ್ಷರ ಅವಳ ಪಾಲಿಗೆ ಮೋಡಿ ಲಿಪಿ. "ಅಜ್ಜನ್ನ ಕೇಳು" ಎಂದೆವು. ಅವಳು ತಟ್ಟೆಗಳ ಕಟ್ಟನ್ನೇ ಎತ್ತಿಕೊಂಡು ಹೋಗಿ ಅಜ್ಜನ ಮಂಚದ ಮೇಲೆ ಕುಳಿತಳು. ತಂದೆಯವರು ಪತ್ರಿಕೆಯನ್ನು ಮಡಿಸಿಡಬೇಕಾಯಿತು.

ಒಟ್ಟು ಐವತ್ತೇಳು: ಎಲ್.ಪಿ. 37, ಇ.ಪಿ. 14, 78ರ ತಟ್ಟೆ 6. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಧಾರವಾಡದ ಕಡೆಯಿಂದ 1965ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಮುಂಬಯಿಗೆ ಬಂದವರ ಟ್ರಂಕಿನಲ್ಲಿ ಬೇರೇನು ಇರುತ್ತದೆ? ಗಂಗೂಬಾಯಿಯವರ ಮೊದಮೊದಲ ತಟ್ಟೆಗಳು 1930ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಧ್ವನಿಮುದ್ರಣಗೊಂಡು 'ಗಾಂಧಾರಿ' ಎಂಬ ಹೆಸರಿನಿಂದ ಹೊರಬಂದವು ಎಂದು ತಂದೆಯವರು ಮೊಮ್ಮಗಳಿಗೆ ಹೇಳುತ್ತಿದ್ದುದು ಪಕ್ಕದ ಕೋಣೆಗೆ ಕೇಳಿಸಿತು. ಇಷ್ಟು ದಿನ ನಮಗೆ ಹೇಳದಿದ್ದ ಮಾತು.

ಪ್ರತಿಯೊಂದು ಹೊದಿಕೆಯ ಹಿಂದೆಯೂ ತಾರೀಖು, ಬೆಲೆ, ಒಂದು ಕಾರಣ. 'ಮೊದಲನೇ ಬೋನಸ್, 1969.' 'ಇವಳು ಊರಿಂದ ಬಂದಳು, 1973': ಇದು 'ಬಂಗಾರದ ಮನುಷ್ಯ' ಚಿತ್ರದ ಹಾಡುಗಳ ಇ.ಪಿ.ಯ ಮೇಲೆ. 'ಮಗಳು ಹುಟ್ಟಿದಳು, ಪೇಡೆ ಹಂಚಿ ಉಳಿದ ದುಡ್ಡು, 1975': ಇದು ನಮ್ಮ ಅಕ್ಕ. ಹೆಚ್ಚಿನವು ಕಾಳಾಘೋಡಾದ ರಿದಮ್ ಹೌಸಿನಲ್ಲಿ ಕೊಂಡವು. ಆ ಅಂಗಡಿ 2016ರಲ್ಲಿ ಮುಚ್ಚಿತು. ಕಟ್ಟಕಡೆಯ ತಟ್ಟೆ ಭೀಮಸೇನ ಜೋಶಿಯವರದು. ಅದರ ಮೇಲೆ '9-1-1982' ಎಂಬ ತಾರೀಖು, ಬೆಲೆ. ಕಾರಣ ಬರೆದಿಲ್ಲ. ಅದರ ಮುಂದೆ ಏನೂ ಇಲ್ಲ.

ಮುಂಬಯಿಯ ಹಳಬರಿಗೆ ಆ ತಾರೀಖು ಸಾಕು. ಒಂಬತ್ತು ದಿನಗಳ ಬಳಿಕ, 1982ರ ಜನವರಿ 18ರಂದು, ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಆ ಮುಷ್ಕರ ವಿಧ್ಯುಕ್ತವಾಗಿ ಮುಗಿಯಿತೆಂದು ಯಾರೂ ಸಾರಲೇ ಇಲ್ಲ. ಎಷ್ಟೋ ಗಿರಣಿಗಳ ಬಾಗಿಲು ಮತ್ತೆ ತೆರೆಯಲಿಲ್ಲ. ತಂದೆಯವರು ಲೋಅರ್ ಪರೇಲಿನ ಗಿರಣಿಯೊಂದರ ಕಚೇರಿಯಲ್ಲಿ ಹಾಜರಿ ಬರೆಯುವ ಕಾರಕೂನರು. ಹಾಜರಿ ಹಾಕಲು ಜನವೇ ಇಲ್ಲವೆಂದ ಮೇಲೆ ಹಾಜರಿ ಬರೆಯುವವನಿಗೆ ಪಗಾರ ಎಲ್ಲಿಯದು? ನಮಗೆ ಆಗ ಎರಡು ವರ್ಷ.

ಆ ರಾತ್ರಿ ಊಟಕ್ಕೆ ಕುಳಿತಾಗ ತಾಯಿಯವರು ತಾವಾಗಿಯೇ ಹೇಳಿದರು. "ಆ ವರ್ಷ ಮಳಿಗಾಲದಾಗ ಹಾಡೂ ಪೆಟಿಗಿ ಮಾರಿದ್ವಿ. ಪ್ಲೇಟೂ ಕೊಡ್ರಿ, ಛಲೋ ರೊಕ್ಕ ಕೊಡತೀನಿ ಅಂದಾ ಅಂವಾ. ಪ್ಲೇಟ ಕೊಡೂದಿಲ್ಲ ಅಂತ ನಾನಽ ಹಟಾ ಹಿಡಿದೆ." ತಂದೆಯವರು ತಾಟಿನಿಂದ ಮುಖ ಎತ್ತಲಿಲ್ಲ. ಮುಂದೆ ಅವರು ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಲೆಕ್ಕ ಬರೆದು ನಮ್ಮಿಬ್ಬರನ್ನೂ ಓದಿಸಿದರು. ಅದು ನಮಗೆ ಗೊತ್ತಿದ್ದ ಕಥೆ. ಪೆಟ್ಟಿಗೆಯ ಕಥೆ ಗೊತ್ತಿರಲಿಲ್ಲ.

ಟ್ರಂಕು ಒಯ್ಯತಕ್ಕದ್ದೇ ಎಂಬುದು ಅಂದೇ ಇತ್ಯರ್ಥವಾಯಿತು. ಪ್ರಿ-ಆಂಪ್ಲಿಫೈಯರ್ ಮನೆ ಖಾಲಿ ಮಾಡುವುದಕ್ಕಿಂತ ಮೊದಲೇ ಆಗಬೇಕೆಂಬುದೂ. ತಂದೆಯವರ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ. ಅದು ಸೊಸೈಟಿಯ ಪತ್ರಕ್ಕೂ ಬಿಲ್ಡರನ ತಾರೀಖಿಗೂ ಕಾಯುವಂಥದಲ್ಲ.

ಇನ್ನು ಬಿಡಿಭಾಗಗಳ ಪಟ್ಟಿ. ಅರ್ಥಖಾತೆ, ಅಂದರೆ ನಮ್ಮ ಮನೆಯವರು, ಎರಡು ಸಾವಿರ ರೂಪಾಯಿಯ ಮಿತಿ ಹಾಕಿದರು. ಮಿತಿ ಇದ್ದರೆ ಒಳ್ಳೆಯದು. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕೆಂಬ ವಿವೇಕ ಬರುತ್ತದೆ. ಇದರ ಸೂತ್ರ ಒಂದೇ: ಧ್ವನಿ ಅತಿ ಸಣ್ಣದಾಗಿರುವ ಕಡೆ ಖರ್ಚು ಮಾಡು, ದೊಡ್ಡದಾದ ಮೇಲೆ ಉಳಿಸು. ಮೊದಲ ಮೆಟ್ಟಿಲಿನಲ್ಲಿ ಸೇರಿಕೊಂಡ ಗೊರಗೊರ ಸದ್ದು ಹಾಡಿನ ಜತೆಗೇ ನೂರು ಪಟ್ಟು ಬೆಳೆಯುತ್ತದೆ. ಆಮೇಲೆ ಅದನ್ನು ಬೇರ್ಪಡಿಸುವವರು ಯಾರೂ ಇಲ್ಲ.

ನಾವು ಬಿ.ಎಸ್ಸಿ. ಓದುವ ಕಾಲಕ್ಕೆ ಪ್ರಯೋಗಶಾಲೆಯ ಡಬ್ಬಿಗಳಲ್ಲಿ ಬಿ.ಸಿ. 148, ಬಿ.ಸಿ. 149 ಎಂಬ ಟ್ರಾನ್ಸಿಸ್ಟರುಗಳಿದ್ದವು. ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯ ಮಾಲು ಎಂದು ಅಟೆಂಡರು ಅಭಿಮಾನದಿಂದ ಹೇಳುತ್ತಿದ್ದರು. ಸದ್ದು ಕಡಿಮೆ ಇರುವ 149 ಇಂಥ ಕೆಲಸಕ್ಕೆಂದೇ ಹೆಸರಾಗಿತ್ತು. ನಾವು ಆರಿಸಿದ್ದು ಎನ್.ಇ. 5532 ಎಂಬ ಐ.ಸಿ. 1970ರ ದಶಕದ ಕೊನೆಗೆ ಬಂದದ್ದು. ಎಂಟು ಕಾಲಿನ ಒಂದೇ ಚಿಪ್ಪಿನಲ್ಲಿ ಎರಡು ಆಂಪ್ಲಿಫೈಯರುಗಳಿರುವುದರಿಂದ ಎಡ ಬಲ ಎರಡಕ್ಕೂ ಒಂದೇ ಸಾಕು. ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಪೇಟೆಯಲ್ಲಿ ನಕಲಿ ಚಿಪ್ಪುಗಳೂ ಇರುವುದರಿಂದ ಎರಡು ಅಂಗಡಿಗಳಿಂದ ಒಂದೊಂದು ಕೊಳ್ಳುವುದೆಂದು ಬರೆದುಕೊಂಡೆವು.

ಮೂರು ಮೈಕ್ರೋಸೆಕೆಂಡ್ ಸಂಖ್ಯೆಗಳನ್ನು ಸಾಧಿಸಲು ಎರಡು ರೆಸಿಸ್ಟರ್, ಎರಡು ಕೆಪ್ಯಾಸಿಟರ್ ಬೇಕು. ರೆಸಿಸ್ಟರನ್ನು ಕೆಪ್ಯಾಸಿಟರಿನಿಂದ ಗುಣಿಸಿದರೆ ಕಾಲ ಬರುತ್ತದೆ, ಲೆಕ್ಕ ಅಷ್ಟೇ. 7.5 ಕಿಲೋ ಓಮ್ ಮತ್ತು 10 ನ್ಯಾನೋಫ್ಯಾರಡ್ ಜೋಡಿ: 75. ಇನ್ನೊಂದು ಜೋಡಿಗೆ 87.6 ಕಿಲೋ ಓಮ್ ಮತ್ತು 36.3 ನ್ಯಾನೋಫ್ಯಾರಡ್: 3180. ನಾಲ್ಕೂ ಕೂಡಿದಾಗ ನಡುವಿನ 318 ತಾನಾಗಿಯೇ ಬರುತ್ತದೆ. ಎರಡರಷ್ಟು ಹೆಚ್ಚಾಯಿತು, ಕಿವಿಗೆ ಗೊತ್ತಾಗುವಂಥದಲ್ಲ. 87.6 ಎಂಬ ರೆಸಿಸ್ಟರ್ ಪೇಟೆಯಲ್ಲಿ ಸಿಗುವುದಿಲ್ಲ. ಆದರೆ 82ರ ಬೆನ್ನಿಗೆ 5.6 ಕಟ್ಟಿದರೆ 87.6 ಆಯಿತು. 33 ನ್ಯಾನೋಫ್ಯಾರಡ್ ಪಕ್ಕದಲ್ಲಿ 3.3 ಕಟ್ಟಿದರೆ 36.3 ಆಯಿತು. ಇಷ್ಟು ಸಲೀಸಾಗಿ ಕೂಡಿ ಬಂದ ಲೆಕ್ಕ ಕಚೇರಿಯಲ್ಲಿ ನಮಗೆ ಇಪ್ಪತ್ತು ವರ್ಷಗಳಲ್ಲಿ ಸಿಕ್ಕಿಲ್ಲ. ಇವಕ್ಕೆ ಕೆಳಗೆ 100 ಓಮ್ ಇಟ್ಟರೆ ನಡುನಾದ 97 ಪಟ್ಟು ಏರುತ್ತದೆ; 5 ಮಿಲಿವೋಲ್ಟ್ ಹೋಗಿ 485 ಆಗುತ್ತದೆ. ಮುಳ್ಳಿನ ಕಡೆಯಿಂದ ನೋಡಿದರೆ 47 ಕಿಲೋ ಓಮ್ ಕಾಣಬೇಕೆಂಬುದು ರೂಢಿಯ ನಿಯಮ, ಅದನ್ನೂ ಬರೆದದ್ದಾಯಿತು.

ಈ ಸಂಖ್ಯೆಗಳು ನಿಜವಾಗಬೇಕಾದರೆ ಭಾಗಗಳು ನಂಬಿಕಸ್ಥವಾಗಿರಬೇಕು. ಆದ್ದರಿಂದ ಶೇಕಡಾ ಒಂದರ ಮೆಟಲ್ ಫಿಲ್ಮ್ ರೆಸಿಸ್ಟರುಗಳು. ಕೆಪ್ಯಾಸಿಟರುಗಳಲ್ಲಿ ಅಗ್ಗದ ಸೆರಾಮಿಕ್ ಬಿಲ್ಲೆ ಬೇಡ. ಬಿಸಿಗೂ ವೋಲ್ಟೇಜಿಗೂ ಅದರ ಅಳತೆ ಬದಲಾಗುತ್ತದೆ, ತಟ್ಟಿದರೆ ಸದ್ದನ್ನೂ ಮಾಡುತ್ತದೆ. ಫಿಲ್ಮ್ ಕೆಪ್ಯಾಸಿಟರುಗಳನ್ನೇ ಹತ್ತತ್ತು ಕೊಂಡು, ಮೀಟರಿನಲ್ಲಿ ಅಳೆದು, ಎಡಕ್ಕೂ ಬಲಕ್ಕೂ ಒಂದೇ ಅಳತೆಯವನ್ನು ಆರಿಸುವುದು. ಕುಂಡಲಿ ಕೂಡಿಸುವ ಈ ಕೆಲಸ ತಾಯಿಯವರಿಗೆ ಮೆಚ್ಚಿಗೆಯಾಯಿತು. ಮಗಳು ಸಂಖ್ಯೆ ಓದಿದಳು, ಅಜ್ಜಿ ಜೋಡಿ ಮಾಡಿ ಖಾಲಿ ಔಷಧದ ಡಬ್ಬಿಗಳಲ್ಲಿ ಇಟ್ಟರು.

ವಿದ್ಯುತ್ ಪೂರೈಕೆಗೆ 12-0-12 ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಎರಡು ದೊಡ್ಡ ಕೆಪ್ಯಾಸಿಟರು, 7812 ಮತ್ತು 7912 ಎಂಬ ಎರಡು ರೆಗ್ಯುಲೇಟರು. ಅಣ್ಣತಮ್ಮಂದಿರಂತೆ ಕಂಡರೂ ಇವುಗಳ ಕಾಲುಗಳ ಕ್ರಮ ಬೇರೆ: 7812ರಲ್ಲಿ ಮೊದಲ ಕಾಲು ಒಳಬರುವ ದಾರಿ, 7912ರಲ್ಲಿ ಅದೇ ಭೂಮಿ. ಇದನ್ನು ಕೆಂಪು ಶಾಯಿಯಲ್ಲಿ ಬರೆದೆವು. ಟ್ರಾನ್ಸ್‌ಫಾರ್ಮರಿಗೆ ಬೇರೆಯೇ ಡಬ್ಬ, ಫ್ಯೂಸು, ಮೂರು ಪಿನ್ನಿನ ಪ್ಲಗ್ಗು. ಬೇರೆ ಡಬ್ಬ ಏಕೆಂದರೆ ಮನೆಯ ಕರೆಂಟಿನ 50 ಹರ್ಟ್ಜ್ ಗುಂಯ್ ಸದ್ದು ಮಂದ್ರದ ಸೀಮೆಯಲ್ಲಿ ಬೀಳುತ್ತದೆ. ಅಲ್ಲಿ ನಮ್ಮ ಯಂತ್ರ ಆರುನೂರಕ್ಕೂ ಮಿಕ್ಕಿ ಪಟ್ಟು ಎತ್ತುತ್ತದೆ. ಟ್ರಾನ್ಸ್‌ಫಾರ್ಮರನ್ನು ಮುಳ್ಳಿನ ತಂತಿಯ ಪಕ್ಕದಲ್ಲಿಟ್ಟರೆ ಮನ್ಸೂರರ ಹಿಂದೆ ತಂಬೂರಿಯ ಬದಲು ಹಿಟ್ಟಿನ ಗಿರಣಿ ಕೂತ ಹಾಗೆ.

ಪಟ್ಟಿ ಮುಗಿದ ಮೇಲೆ ಪೇಟೆ. ಮುಂಬಯಿಯಲ್ಲಿ ಇದಕ್ಕೆ ಲ್ಯಾಮಿಂಗ್ಟನ್ ರೋಡು. 1903ರಿಂದ 1907ರವರೆಗೆ ಮುಂಬಯಿಯ ಗವರ್ನರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನರ ಹೆಸರು. ಈಗಿನ ಫಲಕದಲ್ಲಿ ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಂದಿದೆ, ಬಾಯಲ್ಲಿ ಹಳೆಯದೇ ಉಳಿದಿದೆ. ನಮಗೆ ಶನಿವಾರ ರಜೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಇಳಿದು ಪಶ್ಚಿಮ ರೈಲ್ವೆಯ ಸ್ಲೋ ಗಾಡಿ, ಗ್ರಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿದು ಐದು ನಿಮಿಷದ ನಡಿಗೆ. ಒಂದು ಶನಿವಾರ ತಂದೆಯವರೂ ಬರುತ್ತೇವೆಂದರು. ಗಾಡಿ ಲೋಅರ್ ಪರೇಲಿನಲ್ಲಿ ನಿಂತಾಗ ಅವರು ಕಿಟಕಿಯಿಂದ ಹೊರಗೆ ನೋಡಿದರು. ಗಿರಣಿಗಳಿದ್ದ ಜಾಗದಲ್ಲಿ ಈಗ ಗಾಜಿನ ಗೋಪುರಗಳು, ಮಾಲುಗಳು. "ಅಲ್ಲಿ ನಮ್ಮ ಗೇಟ ಇತ್ತು" ಎಂದು ಬೆರಳು ಮಾಡಿದರು. ಗಾಡಿ ಹೊರಟಿತು. ಅವರು ಬೆರಳು ಇಳಿಸಿದರು, ಬೇರೇನೂ ಹೇಳಲಿಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲಿ ಪಟ್ಟಿ ಇರುವವನಿಗೂ ಇಲ್ಲದವನಿಗೂ ಸಿಗುವ ಮರ್ಯಾದೆ ಬೇರೆ. ಪಟ್ಟಿ ಇಲ್ಲದವನನ್ನು ಕೌಂಟರಿನ ಹುಡುಗ ನೋಡುವುದೂ ಇಲ್ಲ. ನಾವು ಭಾಗದ ಹೆಸರು, ಅಳತೆ, ಸಂಖ್ಯೆ ಮೂರೂ ಕಾಲಂ ಬರೆದ ಹಾಳೆಯನ್ನು ಮುಂದಿಟ್ಟಾಗ ಆತ ಮೇಲಿಂದ ಕೆಳಗೆ ಓದಿ, "ಸರಕಾರಿ ನೌಕರೀ?" ಎಂದು ಕೇಳಿದ. ಇಡೀ ಪಟ್ಟಿ ಎರಡು ಅಂಗಡಿಗಳಲ್ಲಿ, ಒಂದೂವರೆ ತಾಸಿನಲ್ಲಿ ಮುಗಿಯಿತು.

ಭಾಗಗಳನ್ನು ಮೊದಲು ಕೊಂಡು ಬೋರ್ಡಿನ ನಕ್ಷೆಯನ್ನು ಆಮೇಲೆ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಅದೇ ಅಳತೆಯ ಕೆಪ್ಯಾಸಿಟರು ಒಂದು ಕಂಪನಿಯದು 5 ಮಿಲಿಮೀಟರು ಅಂತರದ ಕಾಲುಗಳದು, ಇನ್ನೊಂದರದು ಹತ್ತರದು. ಕೈಯಲ್ಲಿ ವಸ್ತುವಿದ್ದರೆ ತೂತಿನ ಜಾಗ ಖಚಿತ. ಐ.ಸಿ.ಯ ಕಾಲುಗಳ ನಡುವಿನ ಅಂತರ 2.54 ಮಿಲಿಮೀಟರು, ಅಂದರೆ ಇಂಚಿನ ಹತ್ತನೆಯ ಒಂದು ಪಾಲು. ಹತ್ತು ಗೆರೆಯ ಇಂಚಿನ ಗ್ರಾಫ್ ಹಾಳೆಯ ಮೇಲೆ ಭಾಗಗಳನ್ನೇ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದೆವು.

ಬೋರ್ಡು ಮಾಡಲು ಮೂರು ದಾರಿಗಳಿವೆ. ತೂತಿನ ಸಾಲುಗಳಿರುವ ಜನರಲ್ ಪರ್ಪಸ್ ಬೋರ್ಡು ಮೊದಲನೆಯದು. ಅಗ್ಗ, ಆದರೆ ಕೆಳಗೆ ತಂತಿಗಳ ಜಡೆ. ಎರಡನೆಯದು ತಾಮ್ರದ ಹಾಳೆ ಅಂಟಿಸಿದ ಬೋರ್ಡಿನ ಮೇಲೆ ನಕ್ಷೆ ಬರೆದು ಫೆರಿಕ್ ಕ್ಲೋರೈಡಿನಲ್ಲಿ ಅದ್ದುವುದು. ಬೇಡದ ತಾಮ್ರ ಕರಗಿ ಹೋಗುತ್ತದೆ. ಆದರೆ ಆ ದ್ರಾವಣದ ಕಂದು ಕಲೆ ಟೈಲಿನಿಂದ ಹೋಗುವುದಿಲ್ಲ, ತಾಮ್ರ ತುಂಬಿದ ನೀರನ್ನು ಮೋರಿಗೆ ಸುರಿಯುವುದೂ ತರವಲ್ಲ. ಮೂರನೆಯದು ಗಣಕಯಂತ್ರದಲ್ಲಿ ನಕ್ಷೆ ಬರೆದು ಬೋರ್ಡು ತಯಾರಿಸುವ ಕಾರ್ಖಾನೆಗೆ ಕಳಿಸುವುದು. ಮಗಳು ಕೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ನುರಿತವಳು. ನಮ್ಮ ಗ್ರಾಫ್ ಹಾಳೆ ಅವಳ ಕೈಗೆ ಹೋಯಿತು.

ಅಲ್ಲಿಂದ ಎರಡು ವಾರ ಮನೆಯಲ್ಲಿ 'ಭೂಮಿ'ಯದೇ ಚರ್ಚೆ. ಮುಳ್ಳಿನಿಂದ ಬರುವ ಭೂತಂತಿ, ವಿದ್ಯುತ್ ಪೂರೈಕೆಯ ಭೂತಂತಿ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡಬೇಕು; ಒಬ್ಬರ ಬಾಗಿಲಿನಿಂದ ಇನ್ನೊಬ್ಬರು ಹಾಯ್ದರೆ ಗುಂಯ್ ಸದ್ದು. ಒಳಬರುವುದು ಒಂದು ತುದಿಯಲ್ಲಿ, ಹೊರಹೋಗುವುದು ಇನ್ನೊಂದು ತುದಿಯಲ್ಲಿ. ಐ.ಸಿ.ಯ ವಿದ್ಯುತ್ ಕಾಲುಗಳ ಬುಡದಲ್ಲೇ 0.1 ಮೈಕ್ರೋಫ್ಯಾರಡಿನ ಎರಡು ಕಾವಲುಗಾರರು. ಈ ಜಾಗದಲ್ಲಿ ಸೆರಾಮಿಕ್ಕೇ ಸರಿ. ಎಡ ಬಲ ಕನ್ನಡಿಯಂತೆ ಒಂದೇ ತೆರ. ಅಂತೂ 100 ಮಿಲಿಮೀಟರು ಚೌಕದಲ್ಲಿ ಎಲ್ಲವೂ ಹಿಡಿಸಿತು. ಬೋರ್ಡಿನ ಮೂಲೆಯಲ್ಲಿ ಮಗಳು ಬಿಳಿ ಅಕ್ಷರದಲ್ಲಿ ಏನೋ ಬರೆದಿದ್ದಳು. ಬೋರ್ಡು ಅಂಚೆಯಲ್ಲಿ ಬಂದ ಮೇಲೆಯೇ ನಾವು ನೋಡಿದ್ದು: '9-1-1982ರಿಂದ ಮುಂದಕ್ಕೆ', ಕನ್ನಡದಲ್ಲಿ.

ಬೆಸುಗೆ ಹಾಕಿದ್ದು ಎರಡು ಸಂಜೆ. ಐ.ಸಿ.ಯನ್ನು ಸಾಕೆಟ್ಟಿಗೆ ಕೂರಿಸುವ ಮೊದಲು ಎಂಟನೆಯ ಕಾಲಿನಲ್ಲಿ ಧನ 12, ನಾಲ್ಕನೆಯದರಲ್ಲಿ ಋಣ 12 ವೋಲ್ಟ್ ಇದೆಯೆಂದು ಮೀಟರಿನಲ್ಲಿ ನೋಡಿಕೊಂಡೆವು. ಒಟ್ಟು ಖರ್ಚು 1,860 ರೂಪಾಯಿ. ಉಳಿದ 140 ಖಜಾನೆಗೆ ಜಮಾ.

ಯಾವ ತಟ್ಟೆ ಮೊದಲು ಎಂಬ ಪ್ರಶ್ನೆಗೆ ನಾವೆಲ್ಲ ಮನ್ಸೂರರು ಎಂದುಕೊಂಡಿದ್ದೆವು. ತಾಯಿಯವರು ಸುಮ್ಮನೆ ಹೋಗಿ 1973ರ ಇ.ಪಿ.ಯನ್ನು ಎತ್ತಿಕೊಂಡು ಬಂದರು. ಮುಳ್ಳು ಇಳಿಯಿತು, ಸ್ವಲ್ಪ ಸರಸರ, ಆಮೇಲೆ ರಾಜಕುಮಾರರ ಚಿತ್ರದ ಹಾಡು ನಮ್ಮ ಮನೆಯಲ್ಲಿ ತುಂಬಿಕೊಂಡಿತು. ಹಿನ್ನೆಲೆಯಲ್ಲಿ ಗುಂಯ್ ಇರಲಿಲ್ಲ. ತಂದೆಯವರು ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡು ಸ್ಪೀಕರಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. "ಗಿರಗಾವದ ಖೋಲ್ಯಾಗ ಇದನ್ನ ಹಚ್ಚಿದರ ಮ್ಯಾಲಿನ ಮಾಳಗಿಯವರು ಬಡೀತಿದ್ರು" ಎಂದರು ತಾಯಿಯವರು. "ಅವರಿಗೂ ಕೇಳಬೇಕಾಗಿತ್ತು, ಅದಕ್ಕ ಬಡೀತಿದ್ರು" ಎಂದರು ತಂದೆಯವರು. ಅವರಿಬ್ಬರೂ ಹೀಗೆ ಮಾತಾಡಿದ್ದನ್ನು ನಾವು ಬಹಳ ದಿನಗಳಿಂದ ಕೇಳಿರಲಿಲ್ಲ.

ಕೊನೆಯ ತಟ್ಟೆ, ಭೀಮಸೇನ ಜೋಶಿಯವರದು, ಮರುದಿನ ಬೆಳಿಗ್ಗೆ ತಂದೆಯವರೇ ಹಚ್ಚಿದರು. ಹೊಸದರಂತೆ ಹೊಳೆಯುತ್ತಿತ್ತು, ನಾಲ್ಕು ದಶಕಗಳಲ್ಲಿ ಎರಡೋ ಮೂರೋ ಸಲ ಮಾತ್ರ ತಿರುಗಿದ್ದು. ಅದರ ಹೊದಿಕೆಯ ಮೇಲೆ ಬಿಟ್ಟುಹೋಗಿದ್ದ ಕಾರಣವನ್ನು ಅವರು ಮೊಮ್ಮಗಳಿಗೆ ಹೇಳಿ ಬರೆಸಿದ್ದಾರೆ. ಅದು ಪಟ್ಟಿಯಲ್ಲಿದೆ, ಮನೆಯ ಮಾತಾದ್ದರಿಂದ ಇಲ್ಲಿ ಬರೆಯುವುದಿಲ್ಲ. 78ರ ಆರು ತಟ್ಟೆಗಳು ಮಾತ್ರ ದಪ್ಪ ಮುಳ್ಳಿಗಾಗಿ ಕಾಯುತ್ತಿವೆ.

ಈಗ ನಮ್ಮ ಸಂಘದ ಬಾಂಧವರಲ್ಲಿ ಒಂದು ವಿನಂತಿ. ಕಾರ್ಖಾನೆಯವರು ಒಂದು ಸಲಕ್ಕೆ ಐದು ಬೋರ್ಡು ಮಾಡಿಕೊಡುತ್ತಾರೆ. ನಮಗೆ ಬೇಕಾದದ್ದು ಒಂದು. ಉಳಿದ ನಾಲ್ಕು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಯಾರ ಮನೆಯಲ್ಲಿ ಹಿರಿಯರ ತಟ್ಟೆಗಳಿವೆಯೋ ಅವರು ಒಂದು ಬೋರ್ಡನ್ನೂ ಬಿಡಿಭಾಗಗಳ ಪಟ್ಟಿಯ ಒಂದು ಪ್ರತಿಯನ್ನೂ ನಮ್ಮಿಂದ ಒಯ್ಯಬಹುದು. ಬೆಸುಗೆ ಬಾರದವರಿಗೆ ಶನಿವಾರ ನಾವೇ ಹಾಕಿಕೊಡುತ್ತೇವೆ. ಹಣ ಬೇಡ, ಒಂದೇ ಷರತ್ತು: ಬರುವ ಮೊದಲು ನಿಮ್ಮ ತಟ್ಟೆಗಳ ಹೊದಿಕೆಯ ಮೇಲೆ ಬರೆದದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರಬೇಕು. ಬರೆದವರು ಮನೆಯಲ್ಲಿದ್ದರೆ, ಅವರ ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ ಇಳಿಸಿಕೊಳ್ಳುವುದು ಒಳ್ಳೆಯದು.